ಧನರಾಜನ ಹತ್ತು ನಿಮಿಷದ ತ್ಯಾಗ

ಸಿದ್ದಕಟ್ಟೆಯ ಧನರಾಜ ಯಾವುದನ್ನೂ ಕೊನೆ ಮುಟ್ಟಿಸುವ ಮನುಷ್ಯನಲ್ಲ. ಸೋಮಾರಿ ಎಂದು ಇದರ ಅರ್ಥವಲ್ಲ. ಪಾಣೆಮಂಗಳೂರಿನ ಯಾಕೂಬ್ ಸಾಹುಕಾರರ ಪೈಪು-ಪಂಪಿನ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಮೆಕ್ಯಾನಿಕ್ ಆಗಿದ್ದ ಅವನು ಬೆವರು ಸುರಿಸಿಯೇ ದುಡಿಯುತ್ತಿದ್ದ. ಆದರೆ ಯಾರ ಮನೆಗೆ ಪೈಪು ಹಾಕಿದರೂ ಒಂದು ಕವಲು ಹೆಚ್ಚಿಗೆ ಬಿಟ್ಟು, ಅದರ ಬಾಯಿಗೊಂದು ಮುಚ್ಚಳ ತಿರುಗಿಸಿ, "ಮುಂದೆ ಎಲ್ಲಿಯಾದ್ರೂ ಬೇಕಾದ್ರೆ ಇರ್ಲಿ" ಎಂದು ಹೇಳಿ ಬರುತ್ತಿದ್ದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಎಷ್ಟೋ ಬಚ್ಚಲುಮನೆಗಳಲ್ಲಿ ಎಲ್ಲಿಗೂ ಹೋಗದ ಈ ಕವಲುಗಳು ಇಂದಿಗೂ ಗೋಡೆಯಿಂದ ಮೂಗು ಹೊರಚಾಚಿ ನಿಂತಿವೆ. ನೆರಿಯಕ್ಕೆ ಹೆಣ್ಣು ನೋಡಲು ಹೋದಾಗಲೂ ಅವನು, "ನನಗೆ ಒಪ್ಪಿಗೆ ಉಂಟು, ಆದ್ರೆ ದೀಪಾವಳಿ ಕಳೆದು ಇನ್ನೊಮ್ಮೆ ಒಪ್ಪಿಗೆ ಹೇಳ್ತೇನೆ" ಎಂದಿದ್ದ. ಹುಡುಗಿಯ ಅಪ್ಪ ಪದ್ಮಯ್ಯ ಮರುದಿನವೇ ಸಿದ್ದಕಟ್ಟೆಗೆ ಬಂದು, ಜಗಲಿಯಲ್ಲಿ ಕುಳಿತು, ತಾರೀಕು ಗೊತ್ತಾಗುವ ತನಕ ಏಳದೆ ಇದ್ದುದರಿಂದ ಮದುವೆ ನಡೆಯಿತು.

ಹುಡುಗಿ ಮೋಕ್ಷಿತಾ. ಮದುವೆಯಾಗಿ ಎಂಟು ವರ್ಷ, ಇಬ್ಬರು ಹೆಣ್ಣುಮಕ್ಕಳು. ಎರಡನೆಯ ಹೆರಿಗೆಯಲ್ಲಿ ಅವಳಿಗೆ ರಕ್ತ ನಿಲ್ಲದೆ ಹೋಗಿ, ಧನರಾಜ ಹೆರಿಗೆ ಕೋಣೆಯ ಹೊರಗೆ ಹೆಂಡತಿಯ ಚಪ್ಪಲಿಗಳನ್ನು ಎದೆಗೊತ್ತಿಕೊಂಡು ಮೂರು ಗಂಟೆ ನಿಂತಿದ್ದ. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು, "ಇಬ್ಬರೂ ಉಳಿದರು. ಆದರೆ ಮೂರನೆಯದು ಬೇಡವೇ ಬೇಡ" ಎಂದಿದ್ದರು. ಆಮೇಲೆ ಎರಡು ವರ್ಷ ಮೋಕ್ಷಿತಾ ಪ್ರತಿ ತಿಂಗಳೂ ಕ್ಯಾಲೆಂಡರಿನ ಎದುರು ನಿಂತು ಬೆರಳು ಮಡಚುತ್ತಿದ್ದಳು. ಒಂದು ದಿನ ತಡವಾದರೂ ಅವಳ ಮುಖ ಬಾಡುತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ರಾಫಿಯಾ ಮನೆಗೆ ಬಂದಳು. ಧನರಾಜನ ತಾಯಿ ಅಮ್ಮಣಿ ಬೆಳುವಾಯಿಯ ಮಗಳ ಮನೆಗೆ ಹೋಗಿದ್ದರಿಂದ ಮಾತು ಸಲೀಸಾಗಿತ್ತು.

"ಗಂಡಸರ ಆಪರೇಶನ್ನಿನ ಶಿಬಿರ ಉಂಟು ಮೋಕ್ಷಿತಕ್ಕ. ಹೊಲಿಗೆ ಇಲ್ಲ, ಹತ್ತು ನಿಮಿಷ. ಆದ್ರೆ ನೋಡಿ ನನ್ನ ಗ್ರಹಚಾರ!" ಎಂದು ಅವಳು ತನ್ನ ಪುಸ್ತಕ ಬಿಡಿಸಿದಳು. ಹೆಂಗಸರ ಕಾಲಂ ಹಾಳೆ ತುಂಬಿ ಅಂಚಿಗೆ ಹರಿದಿತ್ತು. ಗಂಡಸರ ಕಾಲಂ ತೊಳೆದ ಬಸಿಯ ಹಾಗೆ ಬೆಳ್ಳಗಿತ್ತು. "ಒಂಬತ್ತು ವರ್ಷದಿಂದ ಒಂದು ಹೆಸರು ಇಲ್ಲ. ಈ ಊರಿನಲ್ಲಿ ಗಂಡಸರು ಇದ್ದಾರಾ ಇಲ್ಲವಾ ಅಂತ ಮೇಲಿನ ಆಫೀಸಿನವರು ಕೇಳ್ತಾರೆ."

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಧನರಾಜನ ಕಿವಿಗೆ ಕೊನೆಯ ವಾಕ್ಯ ಮಾತ್ರ ಬಿತ್ತು. ಹೆಂಡತಿ ಅವನ ಕಡೆಗೇ ನೋಡುತ್ತಿದ್ದಳು. ಇಂಥ ಗಳಿಗೆಯಲ್ಲಿ ಗಂಡಸಿನ ಎದೆ ತನ್ನಷ್ಟಕ್ಕೇ ಉಬ್ಬುತ್ತದೆ. ಬುದ್ಧಿ ಆಮೇಲೆ ಬಂದು ನೋಡುವಷ್ಟರಲ್ಲಿ ಬಾಯಿ ಕೆಲಸ ಮುಗಿಸಿರುತ್ತದೆ.

"ಯಾಕೆ ಇಲ್ಲ? ಬರೀರಿ ನನ್ನ ಹೆಸರು."

ರಾಫಿಯಾಳ ಕೈಯಿಂದ ಪೆನ್ನು ಬಿತ್ತು. ಅವನು ಮನಸ್ಸು ಬದಲಾಯಿಸುವ ಮೊದಲೇ ಅವಳು ಅದನ್ನು ಹೆಕ್ಕಿ ಬರೆದೂ ಆಗಿತ್ತು. ಶಿಬಿರ ಇಪ್ಪತ್ತೇಳನೇ ತಾರೀಕಿಗೆ. ಬಂಟ್ವಾಳದ ಆಸ್ಪತ್ರೆಯಲ್ಲಿ ಪರಿಚಯದವರು ಸಿಗುತ್ತಾರೆಂದು ಧನರಾಜ ಮೂಡುಬಿದಿರೆಯ ಸರಕಾರಿ ಆಸ್ಪತ್ರೆಯನ್ನು ಆರಿಸಿಕೊಂಡ. "ಅಮ್ಮನಿಗೆ ಗೊತ್ತಾಗ್ಬಾರದು, ಯಾರಿಗೂ ಗೊತ್ತಾಗ್ಬಾರದು" ಎಂದ. ಇಬ್ಬರು ಹೆಂಗಸರೂ ಮಾತು ಕೊಟ್ಟರು, ಮತ್ತು ಕೊನೆಯವರೆಗೂ ಉಳಿಸಿಕೊಂಡರು. ಮುಂದೆ ಆದದ್ದೆಲ್ಲ ಗಂಡಸರಿಂದ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಪಾಣೆಮಂಗಳೂರಿಗೆ ಹೋಗುವಾಗ ಧನರಾಜನಿಗೆ ಒಳಗಿನಿಂದ ಇರುಸುಮುರುಸು ಶುರುವಾಯಿತು. ಮುಚ್ಚುವುದು ಸರಿ. ಆದರೆ ಪೂರ್ತಿ ಮುಚ್ಚುವುದೆಂದರೆ? ಅವನಿಗೆ ಮೂರನೆಯ ಮಗು ಬೇಕೆಂದಿರಲಿಲ್ಲ. ಬೇಡವೆಂಬುದು ಶಾಶ್ವತವಾಗುವುದು ಮಾತ್ರ ಸಹಿಸಲಿಲ್ಲ. ಅಂಗಡಿಗೆ ಕಾಲಿಟ್ಟವನೇ ಸಾಹುಕಾರರ ಬಳಿ ಹೋಗಿ ನಿಂತ.

"ಸಾಹುಕಾರ್ರೆ, ಒಬ್ಬ ಗಿರಾಕಿಗೆ ಒಂದು ಲೈನ್ ಬಂದ್ ಮಾಡ್ಲಿಕ್ಕುಂಟು. ಆದ್ರೆ ಹತ್ತು ವರ್ಷ ಬಿಟ್ಟು ಬೇಕಾದ್ರೆ ಪುನಃ ಚಾಲೂ ಆಗ್ಬೇಕು."

"ವಾಲ್ವ್ ಹಾಕು," ಎಂದರು ಯಾಕೂಬ್, ಪತ್ರಿಕೆಯಿಂದ ತಲೆ ಎತ್ತದೆ.

"ವಾಲ್ವ್ ಕೂರುವುದಿಲ್ಲ. ಕಡಿದು ಕಟ್ಟಬೇಕು."

"ಎಷ್ಟು ಇಂಚಿನ ಪೈಪು?"

ಧನರಾಜ ಕಿರುಬೆರಳು ತೋರಿಸಿದ. ಅದು ಅತಿಯಾಯಿತೆಂದು ತೋರಿ, ಉಗುರಿನ ತುದಿ ಮಾತ್ರ ಹಿಡಿದು ತೋರಿಸಿದ.

ಯಾಕೂಬ್ ಕನ್ನಡಕ ಸರಿಪಡಿಸಿಕೊಂಡರು. "ಅದು ಪೈಪಲ್ಲ ಮಾರಾಯ, ಶ್ಯಾವಿಗೆ. ಒಳಗೆ ಎಂತ ಹೋಗ್ತದೆ?"

"ನೀರೇ... ಸ್ವಲ್ಪ ದಪ್ಪ."

"ಪ್ರೆಶರ್ ಉಂಟಾ?"

"ಒಮ್ಮೊಮ್ಮೆ," ಎಂದ ಧನರಾಜ, ಕತ್ತು ತಗ್ಗಿಸಿ.

ಯಾಕೂಬ್ ಪತ್ರಿಕೆ ಮಡಚಿಟ್ಟರು. ಮೂವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿ ಅವರಿಗೆ ಸಿಕ್ಕಿರಲಿಲ್ಲ. "ಕಡಿದದ್ದನ್ನು ಜೋಡಿಸಲಿಕ್ಕೆ ಆಗ್ಲೂಬಹುದು. ನಾನಂತೂ ಗ್ಯಾರಂಟಿ ಕೊಡುವುದಿಲ್ಲ. ನಿನ್ನ ಗಿರಾಕಿಗೆ ಅಷ್ಟು ಸಂಶಯ ಇದ್ರೆ, ಬಂದ್ ಮಾಡುವ ಮೊದಲೇ ಒಂದು ಟ್ಯಾಂಕಿಯಲ್ಲಿ ತುಂಬಿಸಿ ಇಟ್ಟುಕೊಳ್ಳಲಿಕ್ಕೆ ಹೇಳು."

ಧನರಾಜನ ತಲೆಯಲ್ಲಿ ದೀಪ ಹೊತ್ತಿತು. ತುಂಬಿಸಿ ಇಡುವುದು! ಆ ವಿದ್ಯೆ ಬಲ್ಲವನೊಬ್ಬ ಅವನ ಊರಿನಲ್ಲೇ ಇದ್ದ.

ಅವನೇ ನಿತ್ಯಾನಂದ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವುದು ಅವನ ಉದ್ಯೋಗ. ಬೈಕಿನ ಹಿಂದೆ ಹೊಗೆಯಾಡುವ ತಣ್ಣನೆಯ ಕ್ಯಾನು ಕಟ್ಟಿಕೊಂಡು ಮನೆಮನೆ ತಿರುಗುವ ಅವನ ಮನಸ್ಸು ಆ ಕ್ಯಾನಿಗೆ ತದ್ವಿರುದ್ಧ, ಮುಟ್ಟಿದರೆ ಕರಗುವಂಥದ್ದು. ಸಂಜೆ ಹಾಲಿನ ಡಿಪೋದ ಹಿಂದೆ ಧನರಾಜ ಅವನನ್ನು ಒಬ್ಬನೇ ಸಿಗಿಸಿಕೊಂಡ.

"ನಿತ್ಯಣ್ಣ, ಇದರಲ್ಲಿ ಇಟ್ಟದ್ದು ಎಷ್ಟು ಕಾಲ ಹಾಳಾಗದೆ ಇರ್ತದೆ?"

"ಕಾಲವಾ?" ನಿತ್ಯಾನಂದ ಕ್ಯಾನಿನ ತಲೆ ಸವರಿದ. "ಒಂದು ಹೋರಿ ಸತ್ತು ಒಂಬತ್ತು ವರ್ಷ ಆಯ್ತು. ಮೊನ್ನೆ ನಿಮ್ಮ ನೆರೆಮನೆ ಧರ್ಣಪ್ಪಣ್ಣನ ಹಟ್ಟಿಯಲ್ಲಿ ಅದರ ಕರು ಹುಟ್ಟಿತು. ಅಪ್ಪನದ್ದೇ ಕಿವಿ."

"ಮನುಷ್ಯರದ್ದೂ ಇಡ್ತಾರಾ?"

"ಮಂಗಳೂರಿನಲ್ಲಿ ಇಡ್ತಾರಂತೆ. ಕ್ಯಾನ್ಸರಿನವರು, ದೊಡ್ಡ ಕಾಯಿಲೆಯವರು ಮದ್ದು ಶುರುವಾಗುವ ಮೊದಲು ಇಟ್ಟು ಹೋಗ್ತಾರೆ."

ಧನರಾಜ ಅತ್ತಿತ್ತ ನೋಡಿ ಧ್ವನಿ ತಗ್ಗಿಸಿದ. "ನನ್ನದೂ ಇಡ್ಬೇಕಿತ್ತು. ಯಾರಿಗೂ ಹೇಳ್ಬೇಡಿ."

ನಿತ್ಯಾನಂದನ ಮುಖದ ಬಣ್ಣ ಇಳಿಯಿತು. "ಧನರಾಜ... ನಿನಗಾ?"

"ಹೌದು. ಇಪ್ಪತ್ತೇಳನೇ ತಾರೀಕು ಅಂತ ಹೇಳಿದ್ದಾರೆ."

"ತಾರೀಕು ಸಹಾ ಹೇಳಿದ್ರಾ?"

"ಎಲ್ಲ ಹತ್ತು ನಿಮಿಷದಲ್ಲಿ ಮುಗೀತದಂತೆ. ನೋವು ಗೊತ್ತಾಗುವುದಿಲ್ಲವಂತೆ."

"ಹೆಂಡತಿಗೆ ಗೊತ್ತುಂಟಾ?"

"ಅವಳಿಗೆ ಸಮಾಧಾನವೇ. ಎರಡು ವರ್ಷದಿಂದ ಹೆದರಿ ಹೆದರಿ ಸಾಕಾಗಿದೆ ಅವಳಿಗೆ. ಇನ್ನು ಹಾಯಾಗಿರ್ತಾಳೆ."

ನಿತ್ಯಾನಂದ ತಿರುಗಿ ನಿಂತು ಕ್ಯಾನಿನ ಮುಚ್ಚಳ ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡ. ಯಾರಿಗೂ ಹೇಳುವುದಿಲ್ಲವೆಂದು ತಾಯಾಣೆ ಇಟ್ಟ. ಆ ಆಣೆಯಲ್ಲಿ ಧರ್ಣಪ್ಪನ ಹೆಸರು ಪ್ರತ್ಯೇಕವಾಗಿ ಬಂದಿರಲಿಲ್ಲವಾದ್ದರಿಂದ, ಐದು ನಿಮಿಷದ ಮೇಲೆ ಡಿಪೋದ ಎದುರು ಧರ್ಣಪ್ಪ ಸಿಕ್ಕಿದಾಗ ಅವನಿಗೆ ಮಾತ್ರ ಹೇಳಿದ. ಧರ್ಣಪ್ಪ ತನ್ನ ಹೆಂಡತಿಗೆ ಮಾತ್ರ ಹೇಳಿದ. ಹೀಗೆ ಒಬ್ಬೊಬ್ಬರಿಗೆ ಮಾತ್ರ ಹೇಳುತ್ತ ಹೇಳುತ್ತ ಸುದ್ದಿ ಎರಡು ದಿನದಲ್ಲಿ ಬೆಳುವಾಯಿಯ ಬಸ್ಸು ಹತ್ತಿತು.

ಧನರಾಜನಿಗೆ ಇದರ ಸುಳಿವಿಲ್ಲ. ಅವನಿಗೆ ಕಂಡದ್ದು ಬೇರೆಯೇ. ಆರು ವರ್ಷದಿಂದ ಕಾಲುದಾರಿಗೆ ಮುಳ್ಳು ಹಾಕಿ, ಎದುರು ಸಿಕ್ಕರೆ ಉಗುಳಿ ಹೋಗುತ್ತಿದ್ದ ಧರ್ಣಪ್ಪ ಬೆಳಿಗ್ಗೆ ತಾನೇ ಮುಳ್ಳು ಕಿತ್ತು ಬದಿಗೆ ಎಸೆಯುತ್ತಿದ್ದ.

"ಇದರಲ್ಲೇ ಹೋಗು ಧನು. ಇರುವಷ್ಟು ದಿನ ಸುತ್ತು ಹಾಕಿ ಯಾಕೆ ನಡೀತಿ?"

ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಯುವಕನನ್ನು ಎಬ್ಬಿಸಿ ಧನರಾಜನಿಗೆ ಸೀಟು ಕೊಡಿಸಿದ. ಹೋಟೆಲಿನಲ್ಲಿ ಕೇಳದೆಯೇ ಎರಡನೇ ಗೋಳಿಬಜೆ ಪ್ಲೇಟು ಬಂತು. ಮೂಲೆಯ ಮೇಜಿನ ಮುದುಕರು ಮಾತು ನಿಲ್ಲಿಸಿ ಅವನು ತಿನ್ನುವುದನ್ನೇ ಆರ್ದ್ರ ಕಣ್ಣಿನಿಂದ ನೋಡಿದರು.

ಆಗ ಧನರಾಜನಿಗೆ ಹೊಳೆಯಿತು: ರಾಫಿಯಾ ಬಾಯಿಬಿಟ್ಟಿದ್ದಾಳೆ, ಊರು ತನ್ನ ತ್ಯಾಗವನ್ನು ಮೆಚ್ಚಿದೆ! ಮೊದಲು ನಾಚಿಕೆಯಾಯಿತು. ಆಮೇಲೆ ಹಿತವಾಯಿತು. ಮೂರನೇ ದಿನಕ್ಕೆ ಅವನು ತಾನಾಗಿಯೇ ಉಪದೇಶಕ್ಕೆ ತೊಡಗಿದ.

"ಇದರಲ್ಲಿ ಎಂತ ದೊಡ್ಡದು ಧರ್ಣಪ್ಪಣ್ಣ? ಯಾರಾದ್ರೂ ಒಬ್ಬ ಮುಂದೆ ಹೋಗ್ಬೇಕಲ್ಲ. ನಾನು ಹೋದ ಮೇಲೆ ನಿಮಗೆಲ್ಲ ಧೈರ್ಯ ಬರ್ತದೆ."

"ನಮಗಾ?" ಧರ್ಣಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಹೌದು. ಮುಂದಿನ ವರ್ಷ ನಿಮ್ಮನ್ನೂ ಕರ್ಕೊಂಡು ಹೋಗ್ತೇನೆ. ನಾನೇ ಬಂದು ಕರೀತೇನೆ."

ಅಂದಿನಿಂದ ಧರ್ಣಪ್ಪ ಬಾಗಿಲಿಗೆ ಚಿಲಕ ಹಾಕಿ ಕೂರತೊಡಗಿದ.

ಬೆಳುವಾಯಿಯಿಂದ ಅಮ್ಮಣಿ ಹೊರಟುಬಂದರು. ಬಸ್ಸಿನಿಂದ ಇಳಿದಲ್ಲಿಂದ ಮನೆಯ ತನಕ ಅಳುತ್ತ ಬಂದ ಅವರು ಅಂಗಳದಲ್ಲಿ ಸೆರಗಿನಿಂದ ಮುಖ ಒರೆಸಿ, ನಗುತ್ತ ಒಳಗೆ ಕಾಲಿಟ್ಟರು. ಮಗನಿಗೆ ಗೊತ್ತಾಗಬಾರದೆಂದು ಎದೆ ಕಲ್ಲು ಮಾಡಿಕೊಂಡಿದ್ದರು. ಮೊದಲ ದಿನ ಕೋಳಿಸುಕ್ಕ, ಎರಡನೇ ದಿನ ಬಂಗುಡೆ ಪುಳಿಮುಂಚಿ, ಮೂರನೇ ದಿನ ಮಗನ ತಲೆಗೆ ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ. ಮೂವತ್ತಾರು ವರ್ಷದ ಮಗ ಸ್ಟೂಲಿನಲ್ಲಿ ಕುಳಿತು, "ಅಮ್ಮನಿಗೂ ಒಪ್ಪಿಗೆ ಉಂಟು, ಸುಮ್ಮನೆ ಹೆದರಿದೆ" ಎಂದುಕೊಂಡ. ಮೋಕ್ಷಿತಾಳಿಗೆ ಮಾತ್ರ ಅತ್ತೆಯ ಈ ಉಪಚಾರ ಅರ್ಥವಾಗಲಿಲ್ಲ. ಅಮ್ಮಣಿ ಸೊಸೆಯನ್ನು ಕಂಡಾಗಲೆಲ್ಲ, "ನಿನಗೆ ಇನ್ನೂ ಸಣ್ಣ ಪ್ರಾಯ" ಎಂದು ಹೇಳಿ ಬಚ್ಚಲಿಗೆ ಓಡುತ್ತಿದ್ದರು.

ಇಪ್ಪತ್ತನಾಲ್ಕನೇ ತಾರೀಕು ಆದಿತ್ಯವಾರ. ಬೆಳಿಗ್ಗೆ ಹತ್ತು ಗಂಟೆಗೆ ಅಂಗಳದಲ್ಲಿ ಒಂದು ಜೀಪು ನಿಂತಿತು. ನೆರಿಯದಿಂದ ಪದ್ಮಯ್ಯ ಬಂದಿದ್ದರು. ಜೊತೆಗೆ ಎರಡು ಗೊನೆ ಎಳನೀರು, ಒಂದು ಬಾಟಲಿ ಕಾಡುಜೇನು, ನಾಲ್ಕು ಮಂದಿ ನೆಂಟರು. ಧರ್ಣಪ್ಪ ಬೇಲಿಯ ಆಚೆ ಬಂದು ನಿಂತ. ಸಾಹುಕಾರರು ಕೂಡ ಪಾಣೆಮಂಗಳೂರಿನಿಂದ ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಬಂದಿದ್ದರು.

ಪದ್ಮಯ್ಯ ಮಗಳ ಕೈ ಹಿಡಿದು ಜಗಲಿಯಲ್ಲಿ ಕುಳ್ಳಿರಿಸಿದರು. "ಗೊತ್ತಿದ್ದೂ ನಮಗೆ ಒಂದು ಮಾತು ಹೇಳ್ಲಿಲ್ಲ ನೀನು."

ಮೋಕ್ಷಿತಾ ಕೆಂಪಾದಳು. "ಅಪ್ಪ, ಅದನ್ನೆಲ್ಲ ಊರಿಗೆ ಹೇಳ್ಲಿಕ್ಕುಂಟಾ? ಅದು ನಮ್ಮಿಬ್ಬರ ವಿಷಯ."

"ನಿನಗೆ ಬೇಸರ ಇಲ್ಲವಾ?"

"ಬೇಸರ ಎಂತದು? ಅವರು ಹೋಗದಿದ್ರೆ ನಾನು ಹೋಗ್ಬೇಕಿತ್ತು. ಯಾರಾದ್ರೂ ಒಬ್ಬರು ಸಾಕಲ್ಲ?"

ನೆಂಟರಲ್ಲಿ ಒಬ್ಬರು ರಾಮ ರಾಮ ಎಂದರು. ಪದ್ಮಯ್ಯ ಮಗಳ ಹಣೆ ಮುಟ್ಟಿ ಜ್ವರ ಉಂಟೋ ಎಂದು ನೋಡಿದರು. ಯಾಕೂಬ್ ಮುಂದೆ ಬಂದು ಧನರಾಜನ ಹೆಗಲಿಗೆ ಕೈಯಿಟ್ಟರು. "ಹೆದರ್ಬೇಡ ಮಾರಾಯ. ಬೆಂಗಳೂರಿಗೆ ಕರ್ಕೊಂಡು ಹೋಗುವ. ದೊಡ್ಡ ಡಾಕ್ಟ್ರು ಇದ್ದಾರೆ."

"ಬೆಂಗಳೂರು ಯಾಕೆ ಸಾಹುಕಾರ್ರೆ? ಇದಕ್ಕೆ ಮೂಡುಬಿದಿರೆ ಸಾಕು," ಎಂದ ಧನರಾಜ ವಿನಯದಿಂದ.

ಅಷ್ಟು ಹೊತ್ತು ಕಲ್ಲಾಗಿ ಕುಳಿತಿದ್ದ ಅಮ್ಮಣಿಯ ಕಟ್ಟೆ ಆಗ ಒಡೆಯಿತು. "ಅಯ್ಯೋ ಮಗನೇ, ನಿನ್ನ ಬದಲು ನಾನು ಹೋಗ್ತೇನೆ!"

"ಅಮ್ಮ, ನಿಮಗೆ ಮಾಡ್ಲಿಕ್ಕೆ ಆಗುವುದಿಲ್ಲ. ಅದು ಗಂಡಸರಿಗೆ!"

"ಗಂಡಸರಿಗೆ ಮಾತ್ರ ಬರುವ ಕ್ಯಾನ್ಸರಾ?" ಎಂದು ಬೇಲಿಯ ಆಚೆಯಿಂದ ಧರ್ಣಪ್ಪ ಕೇಳಿದ. ಅವನ ಕೈ ಅವನಿಗರಿವಿಲ್ಲದೆ ಹೊಟ್ಟೆಯ ಮೇಲೆ ಹೋಗಿತ್ತು.

"ಎಂತ ಕ್ಯಾನ್ಸರ್?" ಎಂದಳು ಮೋಕ್ಷಿತಾ. "ಮಕ್ಕಳಾಗದ ಹಾಗೆ ಮಾಡುವ ಆಪರೇಶನ್!"

ಮೊದಲು ಚೇತರಿಸಿಕೊಂಡವರು ಅಮ್ಮಣಿ. ಮಾಮೂಲಿ ದಿನವಾಗಿದ್ದರೆ ಈ ಸುದ್ದಿಗೆ ಅವರು ಮನೆಯ ಮಾಡು ಹಾರಿಸುತ್ತಿದ್ದರು; ಮೊಮ್ಮಗ ಬೇಕೆಂದು ಎರಡು ಹರಕೆ ಹೇಳಿಕೊಂಡವರು ಅವರು. ಆದರೆ ಸತ್ತ ಮಗ ಎದುರೇ ಬದುಕಿ ನಿಂತಿದ್ದ.

"ಅಷ್ಟೇಯಾ!" ಎಂದು ಕೂಗಿ ಅವರು ಮಗನನ್ನು ತಬ್ಬಿಕೊಂಡರು. "ಮಾಡಿಸು ಮಗ, ಮಾಡಿಸು! ಬೇಕಾದ್ರೆ ಎರಡು ಸಲ ಮಾಡಿಸು!"

ಯಾಕೂಬ್ ತಲೆಯ ಟೊಪ್ಪಿ ತೆಗೆದು ಗಾಳಿ ಬೀಸಿಕೊಂಡರು. "ಆ ಶ್ಯಾವಿಗೆ ಪೈಪಿನ ಗಿರಾಕಿ ನೀನಾ ಹಾಗಾದ್ರೆ?" ನೆಂಟರು ನಕ್ಕರು. ಪದ್ಮಯ್ಯ ನಗು ತಡೆಯಲಾರದೆ ಎಳನೀರಿನ ಗೊನೆಯ ಮೇಲೆಯೇ ಕುಳಿತರು. ಧರ್ಣಪ್ಪ ಮಾತ್ರ ನಗಲಿಲ್ಲ. ಅವನು ಮೋಸ ಹೋದವನ ಮುಖ ಮಾಡಿಕೊಂಡು ಹೋಗಿ, ಬದಿಗೆ ಎಸೆದಿದ್ದ ಮುಳ್ಳನ್ನು ಹೆಕ್ಕಿ ಕಾಲುದಾರಿಗೆ ಮೊದಲಿಗಿಂತ ಒತ್ತಾಗಿ ಹಾಕಿದ.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ನಿತ್ಯಾನಂದ ಬೈಕಿನಲ್ಲಿ ಬಂದಿಳಿದ. ಡಿಪೋದ ಆ ಸಂಜೆಯಿಂದ ನಿದ್ದೆಗೆಟ್ಟ ಮುಖದಲ್ಲಿ ಅವನು ನೇರ ಜಗಲಿಗೆ ಬಂದು ಒಂದು ಚೀಟಿ ಚಾಚಿದ.

"ಧನರಾಜ, ಮಂಗಳೂರಿನವರ ಫೋನ್ ನಂಬರ್ ಸಿಕ್ಕಿತು. ನಾಳೆಯೇ ಹೋಗಿ ಕೊಟ್ಟು ಬರುವ. ನೀನು ಇಲ್ಲದಿದ್ರೂ ಹತ್ತು ವರ್ಷ ಬಿಟ್ಟು ಮಗು ಆಗ್ತದೆ."

ಪದ್ಮಯ್ಯ ಎಳನೀರಿನ ಗೊನೆಯಿಂದ ಎದ್ದರು.

"ಎಂತ ಕೊಟ್ಟು ಬರುವುದು?" ಎಂದಳು ಮೋಕ್ಷಿತಾ.

ಧನರಾಜ ತೊದಲುತ್ತ ಹೇಳಿದ. ಎಂತದೂ ಇಲ್ಲ, ಸುಮ್ಮನೆ, ಒಂದು ಮುನ್ನೆಚ್ಚರಿಕೆಗೆ. ಆಪರೇಶನ್ ಆಗುವುದು ಆಗಿಯೇ ಆಗ್ತದೆ. ಆದರೆ ಮುಂದೆ ಎಲ್ಲಿಯಾದರೂ ಮಗು ಬೇಕೆಂದು ಕಂಡರೆ ಇರಲಿ ಅಂತ ಸ್ವಲ್ಪ ತಣ್ಣಗೆ ತೆಗೆದಿಡುವುದು, ಅಷ್ಟೇ.

ಮೋಕ್ಷಿತಾ ಅವನನ್ನೇ ನೋಡಿದಳು. ಬೈಯಲಿಲ್ಲ.

"ತೆಗೆದಿಡಿ. ಆದ್ರೆ ಒಂದು ಹೇಳಿ. ಆ ಮಗು ಯಾರ ಹೊಟ್ಟೆಯಲ್ಲಿ ಬೆಳೆಯುವುದು?"

ಉತ್ತರಕ್ಕೆ ಕಾಯದೆ ಮೋಕ್ಷಿತಾ ಎದ್ದು ಒಳಗೆ ಹೋದಳು. ಪದ್ಮಯ್ಯ ಅಳಿಯನನ್ನು ದಿಟ್ಟಿಸಿ, ಜೇನಿನ ಬಾಟಲಿಯನ್ನು ಮಾತ್ರ ಅವನ ಕೈಗಿಟ್ಟು ಜೀಪು ಹತ್ತಿದರು.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೋಕ್ಷಿತಾ ಬಡಿಸುತ್ತಿದ್ದಳು, ಮಕ್ಕಳ ಜಡೆ ಹಾಕುತ್ತಿದ್ದಳು, ಗಂಡನಿಗೆ ಬೇಕಾದ್ದನ್ನು ಮಕ್ಕಳ ಮೂಲಕ ಕೇಳುತ್ತಿದ್ದಳು. ಅಮ್ಮಣಿ ಸಹ ಮೀನು ನಿಲ್ಲಿಸಿ ಗಂಜಿ-ಚಟ್ನಿಗೆ ಇಳಿದರು. "ಬದುಕಿರುವವನಿಗೆ ಇದು ಸಾಕು" ಎಂದರು.

ಇಪ್ಪತ್ತೇಳರ ಬೆಳಿಗ್ಗೆ ಧನರಾಜ ಒಬ್ಬನೇ ಹೊರಟು ಅಂಗಳಕ್ಕಿಳಿದರೆ, ಮೋಕ್ಷಿತಾ ನೀಲಿ ಸೀರೆ ಉಟ್ಟು ಛತ್ರಿ ಹಿಡಿದು ನಿಂತಿದ್ದಳು. ಮೂಡುಬಿದಿರೆಯ ತನಕ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಬೇರೆ ಬೇರೆ ಕಿಟಕಿ ನೋಡಿದರು.

ಆಸ್ಪತ್ರೆಯಲ್ಲಿ ರಾಫಿಯಾ ಬಾಗಿಲಲ್ಲೇ ಕಾಯುತ್ತಿದ್ದಳು. ಧನರಾಜ ತಿರುಗಿ ಓಡಿದರೆ ಹಿಡಿಯಲು ಸರಿಯಾಗುವ ಜಾಗವದು. ಒಳಗೆ ಡಾಕ್ಟರು ಇಬ್ಬರನ್ನೂ ಎದುರು ಕುಳ್ಳಿರಿಸಿ ನಿಧಾನವಾಗಿ ಹೇಳಿದರು.

"ಇದನ್ನು ಶಾಶ್ವತ ಅಂತಲೇ ತಿಳ್ಕೊಳ್ಳಿ. ಪುನಃ ಜೋಡಿಸುವ ಆಪರೇಶನ್ ಉಂಟು, ಆದರೆ ಮಗು ಆಗಿಯೇ ಆಗ್ತದೆ ಅಂತ ಯಾರೂ ಹೇಳುವುದಿಲ್ಲ. ವೀರ್ಯ ತೆಗೆದಿಡುವ ವ್ಯವಸ್ಥೆಯೂ ಉಂಟು, ಅದಕ್ಕೂ ಗ್ಯಾರಂಟಿ ಇಲ್ಲ. ಮನಸ್ಸಿನಲ್ಲಿ ಸಂಶಯ ಇದ್ರೆ ಇವತ್ತು ಮನೆಗೆ ಹೋಗಿ. ಒತ್ತಾಯ ಇಲ್ಲ. ಎಂತಾದ್ರೂ ಕೇಳ್ಲಿಕ್ಕುಂಟಾ?"

ಕೇಳಲಿಕ್ಕೆ ಬೇಕಾದಷ್ಟಿತ್ತು. ಧನರಾಜ ಪ್ಯಾಂಟಿನ ಕಿಸೆಯಿಂದ ಒಂದು ಕಾಗದ ತೆಗೆದ. ಅದರಲ್ಲಿ ಹನ್ನೆರಡು ಪ್ರಶ್ನೆಗಳಿದ್ದವು. ಎಲ್ಲವೂ 'ಮುಂದೆ ಎಲ್ಲಿಯಾದ್ರೂ' ಎಂದು ಶುರುವಾಗುತ್ತಿದ್ದವು. ಅವನು ಮೊದಲನೆಯದನ್ನು ಓದಲು ಬಾಯಿ ತೆರೆದ. ಪಕ್ಕದ ಕುರ್ಚಿಯಲ್ಲಿ ಮೋಕ್ಷಿತಾ ಮಡಿಲಲ್ಲಿ ಕೈಯಿಟ್ಟುಕೊಂಡು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು. ಅವಳ ಬೆರಳುಗಳು ಅವಳಿಗೇ ತಿಳಿಯದೆ ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು.

ಧನರಾಜ ಕಾಗದ ಮಡಚಿದ.

"ಒಂದೇ ಉಂಟು ಡಾಕ್ಟ್ರೇ. ಇದಾದ ಮೇಲೆ ಇವಳಿಗೆ ಹೆದರಿಕೆ ಬೇಡ ಅಲ್ಲವಾ?"

"ಕೂಡಲೇ ಅಲ್ಲ. ಮೂರು ತಿಂಗಳು ಜಾಗ್ರತೆ ಬೇಕು. ಆಮೇಲೆ ಪರೀಕ್ಷೆ ಮಾಡಿ, ಸೊನ್ನೆ ಅಂತ ಬಂದ್ರೆ ಹೆದರಿಕೆ ಬೇಡ."

"ಹಾಗಾದ್ರೆ ಮಾಡುವ," ಎಂದ ಧನರಾಜ. ಮೋಕ್ಷಿತಾ ಆ ದಿನ ಮೊದಲ ಬಾರಿಗೆ ಅವನ ಕಡೆ ತಿರುಗಿದಳು. ಎರಡು ದಿನದ ಮೌನ ಮುರಿದು ಅವಳು ಹೇಳಿದ ಮಾತು ಇಷ್ಟೇ: "ಅಂಗಿ ತಿರುಗಾಮುರುಗಾ ಹಾಕಿದ್ದೀರಿ."

ಆಪರೇಶನ್ ಹದಿನಾಲ್ಕು ನಿಮಿಷ ಹಿಡಿಯಿತು. ಅದರಲ್ಲಿ ನಾಲ್ಕು ನಿಮಿಷ ಧನರಾಜ ಮೇಜಿನ ಮೇಲೆ ಮಲಗಲು ತೆಗೆದುಕೊಂಡದ್ದು. ಹೊರಗೆ ಬಂದಾಗ ರಾಫಿಯಾ ತನ್ನ ಪುಸ್ತಕದ ಬಿಳಿ ಕಾಲಮಿನಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿ, ಆ ಹಾಳೆಯ ಫೋಟೋ ತೆಗೆದು, ಅದನ್ನು ಯಾರಿಗೂ ಕಳಿಸದೆ ತಾನೇ ನೋಡುತ್ತ ಕುಳಿತಳು.

ಮಾರ್ಚ್ ಮೊದಲ ವಾರ ಮೂಡುಬಿದಿರೆಯ ಒಂದು ಲ್ಯಾಬಿನಲ್ಲಿ ಪರೀಕ್ಷೆ. ಸ್ಯಾಂಪಲ್ ಕೊಟ್ಟು ಗಂಡ-ಹೆಂಡತಿ ಬೆಂಚಿನಲ್ಲಿ ಕಾದು ಕುಳಿತರು. ಅಲ್ಲಿ ಸಕ್ಕರೆ ಕಾಯಿಲೆಯವರು, ಜ್ವರದವರು, ಒಬ್ಬ ಬೊಚ್ಚುಬಾಯಿಯ ಅಜ್ಜ, ಹೀಗೆ ಹತ್ತು ಮಂದಿ ಇದ್ದರು. ಲ್ಯಾಬಿನ ಹುಡುಗಿ ಹೊಸಬಳು, ಧ್ವನಿ ಗಟ್ಟಿ.

"ಧನರಾಜ್ ಯಾರು? ನಿಮ್ಮ ವೀರ್ಯದ ರಿಪೋರ್ಟು. ಒಂದೂ ಇಲ್ಲ! ಪೂರ್ತಿ ಸೊನ್ನೆ!"

ಬೆಂಚುಗಳಲ್ಲಿ ನಿಟ್ಟುಸಿರು ಹರಿಯಿತು. ಧನರಾಜ ಎದ್ದು ನಿಂತ. ಹೆಂಡತಿಯ ಎರಡೂ ಕೈ ಹಿಡಿದು, "ಸೊನ್ನೆ ಮಾರಾಯ್ತಿ, ಸೊನ್ನೆ!" ಎಂದು ಕುಣಿದ. ಮೋಕ್ಷಿತಾ ಸೆರಗನ್ನು ಬಾಯಿಗೊತ್ತಿಕೊಂಡಳು. ಅವಳ ಭುಜ ಅಲುಗುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ನಗುವೋ ಅಳುವೋ ಅವಳಿಗೂ ಗೊತ್ತಾಗಲಿಲ್ಲ.

ಅಜ್ಜ ಕೋಲೂರಿ ಎದ್ದುಬಂದು ಅವಳ ತಲೆಯ ಮೇಲೆ ಕೈಯಿಟ್ಟ. "ಅಳ್ಬೇಡ ಮಗಾ. ಪಾಪ, ಸುದ್ದಿ ಕೇಳಿ ಗಂಡನ ತಲೆಗೆ ಏರಿದೆ. ಸರಿಯಾಗ್ತದೆ. ಇದೊಂದು ಕಾರಣಕ್ಕೆ ಅವನನ್ನು ಬಿಟ್ಟು ಹೋಗ್ಬೇಡ."

"ಇಲ್ಲ ಅಜ್ಜ," ಎಂದಳು ಮೋಕ್ಷಿತಾ, ಕಣ್ಣೊರೆಸಿಕೊಂಡು ಗಂಡನ ಕೈ ಬಿಗಿಯಾಗಿ ಹಿಡಿದು. "ಇನ್ನು ಬಿಡುವ ಪ್ರಶ್ನೆಯೇ ಇಲ್ಲ."